ಒಂದೇ ಬಾಗಿಲಿನ ಪಡಸಾಲೆ

ಆ ಪಡಸಾಲೆಯ ಹಸಿರು ಬೆಂಚಿನ ಮೇಲೆ ನಿಜವಾಗಿ ಯಾರೂ ಎಂದೂ ಕೂತಿಲ್ಲ. ಅದರ ತುದಿಯಲ್ಲಿರುವ ಫಿಲ್ಟರಿನಿಂದ ಯಾರೂ ಒಂದು ಗುಟುಕು ನೀರು ಕುಡಿದಿಲ್ಲ. ಸರಪಳಿ ಕಟ್ಟಿದ ಸ್ಟೀಲ್ ಲೋಟವನ್ನು ಹಿಡಿದರೆ ಮಾತ್ರ ಕೈಗೆ ತಣ್ಣಗೆ ಹತ್ತುತ್ತದೆ. ಗೋಡೆಯ ಗಡಿಯಾರ ನಿಂತಿದೆ. ಅದನ್ನು ನಿಲ್ಲಿಸಿದವಳು ನಾನೇ. ನಿಜವಾದ ಪಡಸಾಲೆಯಲ್ಲೂ ಅದು ನಿಂತೇ ಇತ್ತು.

ಧಾರವಾಡದ ರೆಸಿಡೆನ್ಸಿ ಆಯ್ಕೆ ಕೇಂದ್ರದಲ್ಲಿ ನನ್ನದು ದೃಶ್ಯ ಕಟ್ಟುವ ಕೆಲಸ. ಡಾಕ್ಟರಿಕೆ ಓದಿ, ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿದು, ಮುಂದೆ ಯಾವುದಾದರೂ ವಿಭಾಗದಲ್ಲಿ ರೆಸಿಡೆಂಟ್ ಆಗಿ ಕಲಿಯಬೇಕೆನ್ನುವ ಹುಡುಗ ಹುಡುಗಿಯರನ್ನು ನಮ್ಮ ಕೇಂದ್ರ ಸಂದರ್ಶನ ಮಾಡುತ್ತದೆ. ಯಾರೂ ಊರು ಬಿಟ್ಟು ಬರಬೇಕಾಗಿಲ್ಲ. ಅಂಚೆಯವನು ಒಂದು ಪೆಟ್ಟಿಗೆ ತಂದುಕೊಡುತ್ತಾನೆ. ಅದರಲ್ಲಿ ಕಣ್ಣು ಕಿವಿ ಮುಚ್ಚುವ ಒಂದು ಟೊಪ್ಪಿಗೆ, ಎರಡು ಕೈಗವಸು. ಹಾಕಿಕೊಂಡು ಮನೆಯ ಖೋಲಿಯಲ್ಲಿ ಕೂತರೆ ಸಾಕು, ಪರೀಕ್ಷಕರ ಮುಂದೆ ಬಂದು ನಿಂತಂತೆಯೇ. ಒಳಗೆ ಮಂಚದ ಮೇಲೆ ಒಬ್ಬ ರೋಗಿ ಇರುತ್ತಾನೆ, ಅವನನ್ನೂ ಯಂತ್ರದೊಳಗೇ ಕಟ್ಟಿರುತ್ತಾರೆ. ಅವನನ್ನು ಮುಟ್ಟಿ ನೋಡಬಹುದು, ಮಾತಾಡಿಸಬಹುದು. ಪರೀಕ್ಷಕರು ಬದಿಗೆ ಕೂತು ನೋಡುತ್ತಾರೆ.

ಇಷ್ಟೇ ಆಗಿದ್ದರೆ ದೊಡ್ಡ ಮಾತಲ್ಲ. ದೊಡ್ಡದು ಮರೆ. ಯಾರ ಮಗ, ಯಾವ ಊರು, ಯಾವ ಮಂದಿ ಎಂದು ನೋಡಿ ಸೀಟು ಕೊಡುತ್ತಾರೆಂಬ ದೂರು ವೈದ್ಯರ ಜಗತ್ತಿನಲ್ಲಿ ಎಷ್ಟು ಹಳೆಯದೆಂದು ಎಲ್ಲರಿಗೂ ಗೊತ್ತು. ಅದಕ್ಕೇ ನಮ್ಮ ಯಂತ್ರ ಎಲ್ಲರಿಗೂ ಒಂದೇ ಮುಖ ಕೊಡುತ್ತದೆ. ಗಂಡೋ ಹೆಣ್ಣೋ ಹೇಳಲಾಗದ, ನೋಡಿದ ಮರುಕ್ಷಣ ಮರೆತುಹೋಗುವ ಮುಖ. ಒಂದೇ ದನಿ, ಒಂದೇ ಕನ್ನಡ. ಕಲಬುರಗಿಯವರು ಮಾತಾಡಲಿ, ಕೊಳ್ಳೇಗಾಲದವರು ಮಾತಾಡಲಿ, ಹೊರಗೆ ಬರುವುದು ವಾರ್ತೆ ಓದಿದಂಥ ಮಾತು. 'ಒಗದು ಇಸ್ತ್ರಿ ಮಾಡಿದ ಕನ್ನಡ' ಎಂದು ನನ್ನ ಗಂಡ ನಗುತ್ತಾರೆ. ಹೆಸರಿನ ಬದಲಿಗೆ ಆ ದಿನದ ಮಟ್ಟಿಗೆ ಒಂದು ಗಿಡದ ಹೆಸರು. ಬೇವು, ಹೊಂಗೆ, ಆಲ.

ಕೈಗಳನ್ನು ಮಾತ್ರ ಯಂತ್ರ ಮುಟ್ಟುವುದಿಲ್ಲ. ಮೊದಮೊದಲು ಅವನ್ನೂ ಮರೆಸಿ ನೋಡಿದೆವು. ಹೊಟ್ಟೆಯನ್ನು ಒತ್ತುವ ಬೆರಳಿನ ಭಾರ, ನಾಡಿ ಹಿಡಿದಾಗಿನ ಸಣ್ಣ ನಡುಕ, ಇವನ್ನು ಕೂದಲೆಳೆಯಷ್ಟು ತಿದ್ದಿದರೂ ಪರೀಕ್ಷೆಯೇ ಸುಳ್ಳಾಗುತ್ತಿತ್ತು. ಹಾಗಾಗಿ ಕೈ ಅವರವರದೇ.

ಇನ್ನು ಪಡಸಾಲೆಯ ಮಾತು. ಮೊದಲು ಸರದಿ ಬರುವ ತನಕ ಅಭ್ಯರ್ಥಿಗಳು ಕತ್ತಲಲ್ಲಿ ಕಾಯುತ್ತಿದ್ದರು. ಒಬ್ಬೊಬ್ಬರೇ, ಮಾತಿಲ್ಲ, ಗೋಡೆಯಿಲ್ಲ, ನೆಲವಿಲ್ಲ. ಕೈಗವಸಿನಲ್ಲಿ ಅವರ ಎದೆಬಡಿತ ನಮಗೆ ಕಾಣುತ್ತಿತ್ತು. ಓಡುವ ಕುದುರೆಯ ಹಾಗೆ. ಟೊಪ್ಪಿಗೆಯೊಳಗೇ ವಾಂತಿ ಮಾಡಿಕೊಂಡವರಿದ್ದರು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಶಾಂತವೀರ ನನ್ನನ್ನು ಕರೆದು, "ಅಂಬಿ, ಏನರ ಮಾಡು. ಒಂದ್ ಗಿಡಾ, ಒಂದ್ ಹಕ್ಕಿ, ಏನರ ಹಾಕು. ಹುಡುಗೂರು ಸಾಯಾಕತ್ತಾವು" ಅಂದ. ಅವನು ನನ್ನ ಸ್ವಂತ ಅಣ್ಣ. ಗಂಗಾಂಬಿಕಾ ಎಂಬ ನನ್ನ ಹೆಸರನ್ನು ಅಂಬಿ ಮಾಡಿದವನೂ ಅವನೇ.

ತೋಟ ಹಾಕಿದೆ, ಸಮುದ್ರ ಹಾಕಿದೆ. ಬಡಿತ ಇಳಿಯಲಿಲ್ಲ. ಒಂದು ದಿನ ಸಾಕಾಗಿ, ನನಗೆ ಕಣ್ಣುಮುಚ್ಚಿದರೂ ಕಾಣುವ ಒಂದೇ ಒಂದು ಕಾಯುವ ಜಾಗವನ್ನು ಕಟ್ಟಿದೆ. ಉದ್ದನೆಯ ಪಡಸಾಲೆ, ಅರ್ಧಗೋಡೆಯವರೆಗೆ ಹಸಿರು ಬಣ್ಣ, ಫಿನೈಲಿನ ವಾಸನೆ, ನಿಂತ ಗಡಿಯಾರ. ಎಲ್ಲರನ್ನೂ ಒಟ್ಟಿಗೇ ಬೆಂಚಿನ ಮೇಲೆ ಕೂರಿಸಿದೆ. ಮಾತಾಡಲು ಬಿಟ್ಟೆ. ಊರಿನ ಹೆಸರು, ಮನೆತನದ ಹೆಸರು ಬಂದರೆ ಯಂತ್ರ ನುಂಗಿಬಿಡುತ್ತದೆ, ಉಳಿದ ಮಾತು ಉಳಿಯುತ್ತದೆ. ಎದೆಬಡಿತಗಳು ಒಂದೊಂದಾಗಿ ಇಳಿದವು.

ಆ ಪಡಸಾಲೆಗೆ ಬಾಗಿಲು ಒಂದೇ. ಒಳಗೆ ಹೋಗುವವರೂ ಅದರಲ್ಲೇ, ಹೊರಗೆ ಬರುವವರೂ ಅದರಲ್ಲೇ.

*

ನಿಜವಾದದ್ದನ್ನು ನಾನು ನೋಡಿದ್ದು ಒಂದೇ ಸಲ. ಅಣ್ಣನ ಸಂದರ್ಶನಕ್ಕೆ ಅವನ ಜೊತೆ ರೈಲಿನಲ್ಲಿ ಹೋಗಿದ್ದೆ. ಒಂದು ಹಳೆಯ ಟ್ರಸ್ಟ್ ಆಸ್ಪತ್ರೆ. ಮೆಡಿಸಿನ್ ವಿಭಾಗದಲ್ಲಿ ಉಳಿದಿದ್ದು ಒಂದೇ ಸೀಟು. ಅವ್ವ ಬಟ್ಟೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ಪಡಸಾಲೆ ತುಂಬ ಹುಡುಗರು, ಅವರ ಅಪ್ಪಂದಿರು, ಅವ್ವಂದಿರು. ನಡುವೆ ನಾನು ಗಂಟು ಹಿಡಿದುಕೊಂಡು ಕೂತಿದ್ದೆ.

ಒಬ್ಬೊಬ್ಬರು ಹೊರಗೆ ಬಂದಾಗಲೂ ಉಳಿದವರೆಲ್ಲ ಎದ್ದು ಮುತ್ತಿಕೊಳ್ಳುತ್ತಿದ್ದರು. "ಏನ್ ಕೇಳಿದ್ರು? ಏನ್ ಕೇಳಿದ್ರು?" ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ. ಕೆಲವರು ಹೇಳುತ್ತಿದ್ದರು. ಕೆಲವರು "ಏನಿಲ್ಲ, ಈಸಿ" ಎಂದು ಸುಳ್ಳು ಹೇಳಿ ಹೋಗುತ್ತಿದ್ದರು. ಇನ್ನು ಕೆಲವರ ಮುಖ ನೋಡಿ ಯಾರೂ ಕೇಳುತ್ತಿರಲಿಲ್ಲ.

ಅಣ್ಣನ ಸರದಿಗೆ ಮೊದಲು ಒಬ್ಬ ತೆಳ್ಳನೆಯ ಹುಡುಗ ಹೊರಗೆ ಬಂದ. ಅಂಗಿಯ ಬೆನ್ನೆಲ್ಲ ಬೆವರು. ಬಾಗಿಲಲ್ಲಿ ನಿಂತ ಅಣ್ಣನ ಬಿಳುಚಿದ ಮುಖ ನೋಡಿ ನಿಂತ. ಇವನು ಕೇಳಲೂ ಇಲ್ಲ, ಅವನೇ ಹೇಳಿದ:

"ಒಂದ್ ಇಸಿಜಿ ಕೊಡ್ತಾರಲೇ. ತಲಿಕೆಳಗ ಹಿಡದ್ ಕೊಡ್ತಾರ. ನಾ ಹಂಗ ಓದಿಬಿಟ್ಟೆ. ನೀ ಮೊದಲ ಅದನ್ನ ತಿರುವಿ ಹಿಡಿ."

ಅಣ್ಣ ಒಳಗೆ ಹೋದ. ಹುಡುಗ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತು ಗೋಡೆಗೆ ತಲೆ ಆನಿಸಿದ. ನಾನು ಸುಮ್ಮನೆ ರೊಟ್ಟಿ ಮುಂದೆ ಹಿಡಿದೆ. ಬೇಡ ಎನ್ನಲಿಲ್ಲ. ಅಣ್ಣನ ಪಾಲಿನದನ್ನೂ ತಿಂದು, "ಹಿಂಡಿ ಇನ್ನೀಟ ಐತೇನ್ರೀ?" ಅಂದ.

ಸೀಟು ಅಣ್ಣನಿಗೆ ಸಿಕ್ಕಿತು. ಹಿಂಡಿ ಕೇಳಿದ ಹುಡುಗ ಎರಡು ವರ್ಷದ ಮೇಲೆ ನನ್ನನ್ನು ನೋಡಲು ಮನೆಗೆ ಬಂದ, ಅಣ್ಣನೇ ಕರೆದುಕೊಂಡು ಬಂದಿದ್ದ. ಡಾಕ್ಟರ್ ಮೃತ್ಯುಂಜಯ, ಈಗ ನನ್ನ ಗಂಡ. ಮತ್ತೆಂದೂ ಅವರಿಗೆ ಸೀಟು ಸಿಗಲಿಲ್ಲ. ನವಲಗುಂದದ ಸರ್ಕಾರಿ ಆಸ್ಪತ್ರೆಗೆ ಸೇರಿದವರು ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡರು. "ಹೆಸರು ಮೃತ್ಯುಂಜಯ, ನನ್ನ ಮಂಡಿನೋವು ಗೆಲ್ಲಾಕ ಆಗವಲ್ದು" ಎಂದು ಮುದುಕಿಯರು ಅವರನ್ನು ಛೇಡಿಸುತ್ತಾರೆ. ಆ ದಿನ ಯಾಕೆ ಹೇಳಿದಿರಿ ಎಂದು ಒಂದು ಸಲ ಕೇಳಿದ್ದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಒಳಗ ಹೊಂಟಿದ್ದನಲ್ಲ ಅಂವ?" ಅಂದರು.

*

ನಮ್ಮ ಮಗಳು ಮುಕ್ತಾ. ಆಕೆಗೂ ಮೆಡಿಸಿನ್ನೇ ಬೇಕು. ಹೋದ ವರ್ಷ ಸ್ವಲ್ಪದರಲ್ಲಿ ತಪ್ಪಿತ್ತು. ಆಗ ಖೋಲಿಯ ಬಾಗಿಲು ಹಾಕಿಕೊಂಡವಳನ್ನು ಹೊರಗೆ ತರಲು ನಾವಿಬ್ಬರೂ ಪಟ್ಟ ಪಾಡು ನಮಗೇ ಗೊತ್ತು. ಈ ವರ್ಷ ಮತ್ತೆ ಕೂತು ಓದಿದಳು. ಗೆಳತಿಯರ ಮದುವೆಗೆ ಹೋಗಲಿಲ್ಲ, ಕೂದಲು ಕತ್ತರಿಸಿಕೊಂಡಳು, ಬಾಚಲು ಹೊತ್ತು ಹೋಗುತ್ತದೆಂದು.

ಕೇಂದ್ರದ ನೌಕರರ ಮಕ್ಕಳು ಸಂದರ್ಶನಕ್ಕೆ ಬರಲು ಅಡ್ಡಿಯಿಲ್ಲ. ಮುಖ, ದನಿ, ಹೆಸರು ಇಲ್ಲದ ಮೇಲೆ ಯಾರ ಗುರುತು ಯಾರಿಗೆ ಹತ್ತೀತು? ಹಾಗೇನಾದರೂ ಹತ್ತಿದರೆ ಆ ಕ್ಷಣವೇ ಬಾಯಿಬಿಟ್ಟು ಹೇಳಬೇಕು. ಹೇಳಿದ ಕೂಡಲೇ ಆ ಸಂದರ್ಶನ ರದ್ದು. ನಡೆದೇ ಇಲ್ಲವೆಂದು ಲೆಕ್ಕ, ಅಭ್ಯರ್ಥಿ ಮರುವರ್ಷ ಬರಬೇಕು. ನಿಯಮ ಬರೆದವನು ಅಣ್ಣನೇ. ಅದನ್ನು ಈವರೆಗೆ ಯಾರೂ ಬಳಸಿರಲಿಲ್ಲ.

ಆ ದಿನ ಬೆಳಿಗ್ಗೆ ಮೃತ್ಯುಂಜಯ ರಜೆ ಹಾಕಿ ಮನೆಯಲ್ಲಿದ್ದರು. ಮುಕ್ತಾ ತಟ್ಟೆಯ ಮುಂದೆ ಕೂತು ರೊಟ್ಟಿಯನ್ನು ಸಣ್ಣಸಣ್ಣಗೆ ಮುರಿದು ಗುಡ್ಡೆ ಹಾಕುತ್ತಿದ್ದಳು.

"ತಿನ್ನು. ಹಸದ ಹೊಟ್ಟೀಲೆ ರೋಗಿ ನೋಡಬಾರದು. ರೋಗಿಗೆ ಗೊತ್ತಾಗತೈತಿ," ಅಂದರು.

"ಅಪ್ಪಾ, ಅದು ರೋಗಿ ಅಲ್ಲ. ಪ್ರೋಗ್ರಾಂ."

"ಪ್ರೋಗ್ರಾಂ ಆದ್ರ ಏನಾತು? ಅದಕ್ಕೂ ಒಬ್ಬಾಕಿ ಅವ್ವ ಇರ್ತಾಳ. ನೋಡಲ್ಲಿ, ಡಬ್ಬಿ ಕಟ್ಟಿಕೊಳ್ಳಾಕತ್ತಾಳ."

"ಅವ್ವಾ, ಇವತ್ತ ಯಾವ ಪೇಶಂಟು? ಗಂಡೋ ಹೆಣ್ಣೋ ಅಷ್ಟರ ಹೇಳ."

"ಬಾಯಿ ಮುಚ್ಚಿಕೊಂಡು ತಿನ್ನು," ಅಂದೆ. ನಿಜವಾಗಿ ನನಗೂ ಗೊತ್ತಿರಲಿಲ್ಲ. ರೋಗಿಗಳನ್ನು ಕಟ್ಟುವ ವಿಭಾಗ ಬೇರೆ.

"ಗೆಣ್ಣು ನೆನಪಿಟ್ಕೊ," ಅಂದರು ಮೃತ್ಯುಂಜಯ.

ಇದು ಅಪ್ಪ ಮಗಳ ಹಳೆಯ ವ್ಯವಹಾರ. ಹೌಸ್ ಸರ್ಜನ್ ಆಗಿದ್ದ ವರ್ಷವೆಲ್ಲ ಮುಕ್ತಾ ಡ್ಯೂಟಿ ಮುಗಿಸಿ ಮನೆಗೆ ಬಂದವಳೇ ಅಪ್ಪನ ಎದುರು ಕೂತು ಆ ದಿನದ ರೋಗಿಗಳನ್ನೆಲ್ಲ ಒಪ್ಪಿಸುತ್ತಿದ್ದಳು. ಒಬ್ಬ ಡಾಕ್ಟರು ಮನೆಗೆ ಹೋಗುವಾಗ ಮುಂದಿನವರಿಗೆ ರೋಗಿಯನ್ನು ಒಪ್ಪಿಸುವುದು ಹೇಗೆಂದು ಅವರು ಕಲಿಸಿದ್ದು ಬೆರಳಿನ ನಾಲ್ಕು ಗೆಣ್ಣಿನ ಲೆಕ್ಕದಲ್ಲಿ. ರೋಗಿ ಯಾರು, ತೊಂದರೆ ಏನು, ನಾ ಏನು ಮಾಡಿದೆ, ಏನು ಉಳಿದಿದೆ. ಒಂದೊಂದಕ್ಕೂ ಹೆಬ್ಬೆರಳಿನ ಉಗುರನ್ನು ಗೆಣ್ಣಿಗೆ ಒತ್ತಬೇಕು. ಒತ್ತಿದ್ದು ಮರೆಯುವುದಿಲ್ಲ. ಎಲ್ಲರೂ ಎಣಿಕೆಯನ್ನು ಕಿರುಬೆರಳಿನಿಂದ ಶುರು ಮಾಡುತ್ತಾರೆ. ಮೃತ್ಯುಂಜಯರ ಕಿರುಬೆರಳು ಸಣ್ಣವರಿದ್ದಾಗ ಖೋಖೋ ಆಡಿ ಮುರಿದು ಸೊಟ್ಟಗೆ ಕೂಡಿಕೊಂಡಿದೆ, ಹೆಬ್ಬೆರಳಿಗೆ ಸಿಗುವುದಿಲ್ಲ. ಅವರು ಅದನ್ನು ಬಿಟ್ಟು ಉಂಗುರದ ಬೆರಳಿನಿಂದ ಶುರು ಮಾಡುತ್ತಾರೆ. ಮಗಳ ಕಿರುಬೆರಳು ಚೆನ್ನಾಗಿಯೇ ಇದೆ. ಆದರೂ ಆಕೆ ಉಂಗುರದ ಬೆರಳಿನಿಂದಲೇ ಶುರು ಮಾಡುತ್ತಾಳೆ, ಕಿರುಬೆರಳನ್ನು ಅಪ್ಪನ ಹಾಗೆಯೇ ಸೊಟ್ಟಗೆ ಹಿಡಿದುಕೊಂಡು.

*

ಕೇಂದ್ರದಲ್ಲಿ ಅಣ್ಣ ಕಾಯುತ್ತ ನಿಂತಿದ್ದ.

"ಎರಡನೇ ಬಾಗಲಾ ಮಾಡಿದೇನು?"

"ಮಾಡ್ತೇನಿ."

"ಹೋದ ತಿಂಗಳನೂ ಇದ ಅಂದಿ. ಹೊರಗ ಬರೂ ಹುಡುಗೂರು ಬೆಂಚಿನ ಮುಂದ ಹಾದು ಹೋಗ್ತಾವು. ಒಂದ್ ದಿನ ಯಾವುದರ ಒಂದು ಬಾಯಿ ಬಿಡತೈತಿ. ಆಮ್ಯಾಲೆ ಪೇಪರಿನ್ಯಾಗ ನನ್ನ ಫೋಟೋ."

"ಅಲ್ಲೆ ಎರಡನೇ ಬಾಗಲಾ ಇರಲಿಲ್ಲ ಅಣ್ಣಾ."

"ಎಲ್ಲೆ?"

ಡಬ್ಬಿ ಇಟ್ಟು ಪರದೆ ಹೊತ್ತಿಸಿದೆ. ಅವನಿಗೆ ಗೊತ್ತಿತ್ತೆಂದೇ ನನ್ನ ಅನುಮಾನ. ಹಸಿರು ಗೋಡೆಯನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ಅವನು ಬಹಳ ಹೊತ್ತು ನಿಂತಿದ್ದ. ಆಮೇಲೆ, "ಫಿಲ್ಟರ್ ಬಲಗಡೆ ಇತ್ತು ನೋಡು" ಎಂದಷ್ಟೇ ಹೇಳಿ ಹೋಗಿದ್ದ.

ಆ ದಿನದ ರೋಗಿ ಒಬ್ಬ ಅಜ್ಜಿ. ಬಾಳವ್ವ. ಮಂಚದ ಮೇಲೆ ಕೂತಿದ್ದಾಳೆ, ಗಲ್ಲಕ್ಕೆ ಸೆರಗು ಒತ್ತಿಕೊಂಡಿದ್ದಾಳೆ. ಕೂರಲು ಒಂದು ಸ್ಟೂಲು, ಅದು ಅವಳ ಎಡಕ್ಕೆ. ಅವಳಿಗೆ ಎಡಗಿವಿ ಕೇಳಿಸುವುದಿಲ್ಲ. ಪರೀಕ್ಷೆಯ ಗಂಟು ಇದೇ. ಎಡಕ್ಕೆ ಕೂತು ಏನು ಕೇಳಿದರೂ ಮರ್ಯಾದೆಗೆ "ಹೂಂ" ಅನ್ನುತ್ತಾಳೆ. ಎದೆನೋವು ಇದೆಯೇ? ಹೂಂ. ಹೊಟ್ಟೆನೋವು? ಹೂಂ. ಜ್ವರ? ಹೂಂ. ಬೇವು ಬಂದು ಹೋಯಿತು, ಹೊಂಗೆ ಬಂದು ಹೋಯಿತು. ಹೂಂಗುಟ್ಟಿದ್ದನ್ನೆಲ್ಲ ನಂಬಿ ಇಡೀ ಔಷಧದ ಅಂಗಡಿಯನ್ನೇ ಬರೆದುಕೊಟ್ಟರು.

ಮುತ್ತುಗ ಎಂಬ ಹೆಸರಿನ ಅಭ್ಯರ್ಥಿಯೂ ಮೊದಲು ಎಡಕ್ಕೇ ಕೂತದ್ದು. ಎರಡು ಪ್ರಶ್ನೆ ಕೇಳಿ ಸುಮ್ಮನಾಯಿತು. ಮೂರನೆಯದಾಗಿ, "ಅಜ್ಜಿ, ನಿಮ್ಮ ಮನೆಯಲ್ಲಿ ಆನೆ ಇದೆಯೇ?" ಎಂದು ಕೇಳಿತು. ಬಾಳವ್ವ, "ಹೂಂ" ಅಂದಳು. ಪರೀಕ್ಷಕರೊಬ್ಬರು ಕಿಸಕ್ಕನೆ ನಕ್ಕರು. ಮುತ್ತುಗ ಸ್ಟೂಲನ್ನು ಎತ್ತಿಕೊಂಡು ಮಂಚ ಸುತ್ತಿ ಬಲಕ್ಕೆ ಹೋಗಿ ಕೂತಿತು. ಅಲ್ಲಿಂದ ಬಾಳವ್ವನ ಬಾಯಿ ಬಿಚ್ಚಿತು. ಹಲ್ಲುನೋವು ಅಂತ ಬಂದಿದ್ದಳು. ಅದು ಹಲ್ಲಾಗಿರಲಿಲ್ಲ. ಹೃದಯಾಘಾತ ಕೆಲವು ಹೆಂಗಸರಲ್ಲಿ ಗಲ್ಲದ ನೋವಾಗಿ ಬರುತ್ತದಂತೆ. ಮುತ್ತುಗ ಅದನ್ನು ಹಿಡಿಯಿತು. ಪರೀಕ್ಷಕರು ಒಬ್ಬರನ್ನೊಬ್ಬರು ನೋಡಿಕೊಂಡ ರೀತಿಯಲ್ಲೇ ತಿಳಿಯಿತು, ಸೀಟು ಇಲ್ಲಿ ಆಯಿತೆಂದು. ಕೈ ಕಾಣುವಷ್ಟು ಪರದೆಯ ಹತ್ತಿರ ನಾನಿರಲಿಲ್ಲ, ಆನೆಯ ಮಾತಿಗೆ ಪಕ್ಕದವರ ಜೊತೆ ನಗುತ್ತಿದ್ದೆ. ಇಂಥ ಮಕ್ಕಳೂ ಇದ್ದಾರಲ್ಲ, ಯಾರ ಹೊಟ್ಟೆಯಲ್ಲಿ ಹುಟ್ಟಿದ್ದೋ ಅಂದುಕೊಂಡೆ.

ಮುತ್ತುಗ ಬಾಗಿಲು ತೆರೆದು ಪಡಸಾಲೆಗೆ ಬಂದಿತು. ಒಳಗೆ ಹೋಗಲು ಎದ್ದು ನಿಂತಿದ್ದ, ಆ ದಿನದ ಕೊನೆಯ ಅಭ್ಯರ್ಥಿಯ ಹೆಸರು ಬನ್ನಿ. ಇಬ್ಬರಿಗೂ ಒಂದೇ ಬಿಳಿ ಕೋಟು, ಒಂದೇ ಮುಖ. ಹಾದುಹೋಗಬೇಕಾದ ಮುತ್ತುಗ ನಿಂತಿತು. ಇಸ್ತ್ರಿ ಮಾಡಿದ ಕನ್ನಡದಲ್ಲಿ ಹೇಳಿತು:

"ರೋಗಿ ಬಾಳವ್ವ, ಎಡಗಿವಿ ಕೇಳಿಸುವುದಿಲ್ಲ, ಬಲಕ್ಕೆ ಕುಳಿತುಕೊಳ್ಳಿ. ಹಲ್ಲುನೋವು ಎನ್ನುತ್ತಾರೆ, ಆದರೆ..."

ಕೆಂಪು ದೀಪ ಹೊತ್ತಿತು. ದನಿ ನಿಂತಿತು. ಬನ್ನಿಯ ಮುಂದೆ ಬಾಗಿಲು ಮುಚ್ಚಿಕೊಂಡಿತು. ಪರದೆಯ ಮೇಲೆ ಯಂತ್ರದ ಪ್ರಶ್ನೆ: ಸೋರಿಕೆ, ಹೌದೋ ಅಲ್ಲವೋ? ಹೇಳಿದವರಿಗೂ ಕೇಳಿಸಿಕೊಂಡವರಿಗೂ ಮೂರು ವರ್ಷ ಬಾಗಿಲು ಬಂದ್ ಎಂಬುದು ನಿಯಮ. ಇಬ್ಬರು ಒತ್ತಬೇಕು. ಮುಖ್ಯಸ್ಥ ಒಬ್ಬ, ಪಡಸಾಲೆಯ ಹೊಣೆ ಹೊತ್ತವರು ಒಬ್ಬರು, ಅಂದರೆ ನಾನು.

ಅಣ್ಣ ಓಡಿಬಂದ. "ನಾ ಅಂದಿರಲಿಲ್ಲೇನು? ಒಂದ ಬಾಗಲಾ, ಒಂದ ಬಾಗಲಾ... ಹೌದು ಅಂತ ಒತ್ತು."

"ಅಣ್ಣಾ, ನಿಲ್ಲು. ಇದು ಸೋರಿಕೆ ಅಲ್ಲ. ಒಪ್ಪಿಸೂದು."

"ಏನ್ ಒಪ್ಪಿಸೂದು?"

"ನೀ ಡಾಕ್ಟರೋ ನಾ ಡಾಕ್ಟರೋ? ಪೇಶಂಟ್ ನೋಡಿ ಹೊರಗ ಬಂತು. ಎದುರಿಗೆ ಬಿಳೇ ಕೋಟಿನಾಂವ ಒಳಗ ಹೊಂಟಾನ. ವರ್ಷಾ ಪೂರ್ತಿ ವಾರ್ಡಿನ್ಯಾಗ ಮಾಡಿದ್ದು ಬಾಯಿಗೆ ಬಂತು. ಇದು ಸಂದರ್ಶನ ಅನ್ನೂದನ್ನ ಮರತುಬಿಟ್ಟೈತಿ. ಮೋಸ ಮಾಡಾವ್ರು ರೋಗಿ ಹೆಸರಿನಿಂದ ಶುರು ಮಾಡ್ತಾರೇನು?"

"ಕಾನೂನಿಗೆ ಅದೆಲ್ಲಾ ಗೊತ್ತಿಲ್ಲಬೇ."

"ನಿನಗ ಇಸಿಜಿ ತಿರುವಿ ಹಿಡಿ ಅಂದಾಗ ಕಾನೂನು ಎಲ್ಲಿತ್ತು?"

ಅಷ್ಟು ವರ್ಷಗಳಲ್ಲಿ ನಮ್ಮ ನಡುವೆ ಎಂದೂ ಬಂದಿರದ ಮಾತು. ಅಣ್ಣ ಕನ್ನಡಕ ತೆಗೆದ. ಪರದೆಯಲ್ಲಿ ಹಸಿರು ಗೋಡೆ, ನಿಂತ ಗಡಿಯಾರ. ಮುಚ್ಚಿದ ಬಾಗಿಲ ಮುಂದೆ ಬನ್ನಿ ನಿಂತಿತ್ತು, ಎದೆಬಡಿತ ಓಡುತ್ತಿತ್ತು. ಅಣ್ಣ ಅದನ್ನೇ ನೋಡಿದ. ಬಿಳುಚಲು ಆ ಮುಖಕ್ಕೆ ಬಣ್ಣವೂ ಇರಲಿಲ್ಲ.

"ಇನ್ನೊಮ್ಮೆ ತೋರಸು," ಅಂದ, ಮೆತ್ತಗೆ.

ತೋರಿಸಿದೆ. ಈ ಸಲ ನಾನೂ ಸರಿಯಾಗಿ ನೋಡಿದೆ. ದನಿ ನಿಂತಮೇಲೂ ತನ್ನ ಮಾತು ಕೇಳಿಸುತ್ತಿಲ್ಲವೆಂದು ತಿಳಿಯದೆ ಮುತ್ತುಗ ಮಾತಾಡುತ್ತಲೇ ಇತ್ತು. ತುಟಿಗಳು ಯಂತ್ರದವು, ಅವು ನಿಂತಿದ್ದವು. ಕೈ ನಿಂತಿರಲಿಲ್ಲ. ಎಡಗೈಯ ಹೆಬ್ಬೆರಳು ಮೂರನೆಯ ಗೆಣ್ಣಿಗೆ ಹೋಯಿತು. ಉಗುರು ಒತ್ತಿತು. ನಾಲ್ಕನೆಯದಕ್ಕೆ ಹೋಯಿತು. ಶುರುವಾದದ್ದು ಉಂಗುರದ ಬೆರಳಿನಿಂದ. ಕಿರುಬೆರಳು ಬದಿಗೆ ಸೊಟ್ಟಗೆ ನಿಂತಿತ್ತು.

ನಾನು ದೃಶ್ಯವನ್ನು ಅಲ್ಲಿಗೇ ನಿಲ್ಲಿಸಿದೆ.

"ಸರಿ," ಅಂದ ಅಣ್ಣ. "ಒಪ್ಪಿಸೂದ ಇದು. ಸೋರಿಕೆ ಅಲ್ಲ." ಅವನು 'ಅಲ್ಲ' ಎಂಬಲ್ಲಿ ಬೆರಳಿಟ್ಟು ಒತ್ತಿದ. "ಹೂಂ, ನೀನೂ ಒತ್ತು. ಆ ಬನ್ನೀದು ಎದಿ ಒಡದೀತು."

ಒತ್ತಿದ್ದರೆ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆ ಕೈಯನ್ನು ಓದಬಲ್ಲವರು ಜಗತ್ತಿನಲ್ಲಿ ಇಬ್ಬರೇ, ಇನ್ನೊಬ್ಬರು ಮನೆಯಲ್ಲಿ ರಜೆ ಹಾಕಿ ಕೂತಿದ್ದರು. ಅಲ್ಲದೆ ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅದು ಒಪ್ಪಿಸುವುದೇ. ಕೈ ನೋಡುವ ಮೊದಲೇ ಹೇಳಿದ್ದೆ. ಯಾರ ಮಗುವಾದರೂ ಹಾಗೆಯೇ ಹೇಳುತ್ತಿದ್ದೆ.

ಆದರೆ ಒತ್ತುವ ಬೆರಳು ಮೊದಲಿನ ಬೆರಳಾಗಿ ಉಳಿದಿರಲಿಲ್ಲ. ಹೋದ ವರ್ಷ ಖೋಲಿಯ ಬಾಗಿಲು ಬಡಿದ ಬೆರಳು ಅದು. ಈಗ ಅದು ಸರಿಯಾದದ್ದನ್ನೇ ಒತ್ತಿದರೂ, ಯಾತಕ್ಕೆ ಒತ್ತಿತೆಂದು ನನಗೇ ಗೊತ್ತಾಗುವಂತಿರಲಿಲ್ಲ. ಮುಖವಿಲ್ಲದ ಇಷ್ಟೊಂದು ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿದವಳು ನಾನು. ಇಲ್ಲಿ ಯಾರ ಅವ್ವನೂ ನಿಮ್ಮನ್ನು ಗುರುತಿಸುವುದಿಲ್ಲ ಎಂಬ ಒಂದೇ ಮಾತಿನ ಮೇಲೆ ಅವರು ಬಂದು ಕೂತಿದ್ದರು.

"ಅಣ್ಣಾ," ಅಂದೆ. "ಅದು ಮುಕ್ತಾನ ಕೈ."

ಅವನು ನನ್ನ ಕಡೆ ತಿರುಗಿದ. "ಏನ್ ಹೇಳಾಕತ್ತಿ ಗೊತ್ತೈತೇನು?"

"ಗೊತ್ತೈತಿ."

"ಹೇಳಿಬಿಟ್ರ ರದ್ದು. ಬರದಾಂವ ನಾನ. ನಾ ಏನೂ ಮಾಡಾಕ ಬರೂದಿಲ್ಲ."

"ಗೊತ್ತೈತಿ ಅಂದೆನಲ್ಲ. ನಡದ ಇಲ್ಲದ ಸಂದರ್ಶನದಾಗ ಸೋರೂದು ಏನಿರತೈತಿ? ಆ ಬನ್ನಿನ್ನ ಒಳಗ ಬಿಡು."

ಅಣ್ಣ ಕನ್ನಡಕ ಮತ್ತೆ ಹಾಕಿಕೊಂಡ. ಆಮೇಲೆ ಮುತ್ತುಗದ ಹೆಸರನ್ನು ಅಳಿಸಿದ. ಪಡಸಾಲೆಯಲ್ಲಿ ಬಿಳಿ ಕೋಟೊಂದು ತೆಳ್ಳಗಾಗಿ ಮಾಯವಾಯಿತು. ಬಾಗಿಲು ತೆರೆಯಿತು.

"ಆಕಿಗೆ ಒಂದ್ ವರ್ಷ ಹೋತಲ್ಲಬೇ," ಅಂದ.

"ಅವರಪ್ಪಂದು ಅದಕ್ಕಿಂತಾ ಭಾಳ ಹೋಗಿತ್ತು."

ಅವನು ಕುರ್ಚಿಯಲ್ಲಿ ಕುಸಿದು ಕೂತ. ನಾನು ಎದ್ದು ಹೊರಡುವಾಗ ಹಿಂದಿನಿಂದ ಕರೆದು, "ಬಾಗಲಾ ಒಂದ ಇರ್ಲಿ" ಅಂದ. "ಮುಂದಿನ ವರ್ಷದಿಂದ ಪರೀಕ್ಷಕರನ್ನ ಅರ್ಧಾ ಮಂದಿ ಪಡಸಾಲ್ಯಾಗ ಕುಂದರಸೂಣು. ಯಾರು ಒಪ್ಪಸ್ತಾರ, ಯಾರು ಬಾಯಿ ಮುಚ್ಚಿಕೊಂಡು ಹೋಗ್ತಾರ, ನೋಡೂಣು."

ಹೊರಡುವ ಮೊದಲು ಪರದೆಯ ಮುಂದೆ ಒಂದು ಗಳಿಗೆ ನಿಂತೆ. ಬನ್ನಿ ಒಳಗೆ ಹೋಗಿತ್ತು. ಅದು ಎಲ್ಲಿ ಕೂರುತ್ತದೆಂದು ನೋಡಿಯೇ ಹೊರಟೆ.

*

ಮನೆಯ ಮೆಟ್ಟಿಲಲ್ಲಿ ಗಿರ್ಮಿಟ್ಟಿನ ಒಗ್ಗರಣೆಯ ವಾಸನೆ ಬಂತು. ಮೃತ್ಯುಂಜಯ ಮಂಡಕ್ಕಿ ಕಲಸುತ್ತಿದ್ದರು. ಮುಕ್ತಾ ಕಟ್ಟೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತ, ಒಳಗೆ ಚಲೋ ಹೋಯಿತೆಂದು ಅಪ್ಪನಿಗೆ ಹೇಳುತ್ತಿದ್ದಳು. ಆನೆ ಇದೆಯೇ ಎಂದು ಕೇಳಿದ್ದನ್ನು ಹೇಳಿ ಇಬ್ಬರೂ ನಗುತ್ತಿದ್ದರು. "ಕಡೀಕ ಟೊಪಿಗಿ ತಾನ ಆಫ್ ಆಗಿಬಿಡ್ತು ಅವ್ವಾ, ಹಂಗ ಆಗತೈತೇನು?" ಅಂದಳು.

ನಾನು ಹೇಳಿದೆ. ನಿಂತುಕೊಂಡೇ ಹೇಳಿದೆ, ಚಪ್ಪಲಿ ಕೂಡ ತೆಗೆದಿರಲಿಲ್ಲ.

ಮೊದಲು ನನ್ನ ಮುಖ ನೋಡಿದಳು, ಚೇಷ್ಟೆ ಮಾಡುತ್ತಿದ್ದೇನೇನೋ ಎಂದು. ಆಮೇಲೆ ಆಕೆಯ ಕಣ್ಣು ಕೆಂಪಾದವು.

"ಮಾಮಾ 'ಅಲ್ಲ' ಅಂತ ಒತ್ತಿದ್ದ?"

"ಹೂಂ."

"ನೀ ಒತ್ತಿದ್ರ ಆಗತಿತ್ತು?"

"ಹೂಂ."

"ನಿನ್ನ ಕಣ್ಣಿಗೆ ಬಿದ್ದಿದ್ದ ನನ್ನ ತಪ್ಪೇನವ್ವಾ? ಬ್ಯಾರೆದವರ ಅವ್ವಂದಿರು ಅಲ್ಲೆ ಇರಲಿಲ್ಲ, ಅವರು ಪಾರಾದ್ರು. ನನಗೊಬ್ಬಾಕಿಗೆ..." ಎದ್ದು ಹೋಗಿ ಖೋಲಿಯ ಬಾಗಿಲು ಹಾಕಿಕೊಂಡಳು. ಆ ಸದ್ದು ನನಗೆ ಪರಿಚಯವಿತ್ತು.

ನಾನು ಚಪ್ಪಲಿ ಬಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಮೃತ್ಯುಂಜಯ ಒಲೆ ಆರಿಸಿ ಬಂದು ನನ್ನ ಪಕ್ಕ ಕೂತರು. ಬಯ್ಯುತ್ತಾರೆಂದು ಕಾದೆ. ಅವರು ತಮ್ಮ ಸೊಟ್ಟ ಕಿರುಬೆರಳನ್ನು ಹಿಡಿದು ನೋಡಿಕೊಳ್ಳುತ್ತಿದ್ದರು, ಹೊಸದಾಗಿ ಕಂಡವರ ಹಾಗೆ.

"ಇದನ್ನೂ ಕಲತಾಳೇನು? ನಾ ನೋಡ ಇರಲಿಲ್ಲ," ಅಂದರು. ಬೆರಳು ಬಿಟ್ಟು, "ಸಿಟ್ಟು ಇಳೀಲಿ. ರೊಟ್ಟಿ ಮಾಡು, ಹಸಿವಿಗೆ ಬರ್ತಾಳ" ಅಂದರು.

ಬಂದಳು. ಮುಖ ತೊಳೆದುಕೊಂಡಿದ್ದಳು. ನನ್ನ ಕಡೆ ನೋಡದೆ ಕೂತಳು. ಅಪ್ಪ ತಟ್ಟೆಗೆ ಬದನೆಕಾಯಿ ಬಡಿಸಿದರು. ಮೂವರೂ ಉಣ್ಣತೊಡಗಿದೆವು. ಎರಡನೆಯ ರೊಟ್ಟಿಗೆ ಕೈ ಹಾಕಿದವಳು ಅದನ್ನು ಮುರಿಯದೆ ಹಾಗೇ ಹಿಡಿದುಕೊಂಡಳು.

"ಅವ್ವಾ."

"ಏನ?"

"ನಂದು ಪೂರಾ ಹೇಳೂದು ಆಗಲಿಲ್ಲಲ್ಲ. ನಾಕನೇ ಗೆಣ್ಣಿಂದು ಬನ್ನಿಗೆ ಕೇಳಸಲಿಲ್ಲಂದ್ರ... ಅಜ್ಜಿ ಮಗಳು ಹೊರಗ ಕುಂತಾಳ, ಆಕಿಗೆ ಯಾರೂ ಏನೂ ಹೇಳಿಲ್ಲ. ಅದು ಉಳದಿತ್ತು."

ಬಾಳವ್ವನಿಗೆ ಮಗಳನ್ನು ಯಾರೂ ಕಟ್ಟಿರಲಿಲ್ಲ ಎಂದು ನಾನು ಹೇಳಲಿಲ್ಲ. ಅಜ್ಜಿ ಮಾತಿನ ನಡುವೆ ಮಗಳ ಹೆಸರು ಎತ್ತಿರಬೇಕು. ಅಷ್ಟು ಸಾಕಾಗಿತ್ತು ಈಕೆಗೆ, ಆ ಮಗಳನ್ನು ಬಾಗಿಲ ಹೊರಗೆ ಕೂರಿಸಲು.

"ಅಂವನೋ ಆಕಿಯೋ, ಆ ಬನ್ನಿ," ಅಂದಳು ಮುಕ್ತಾ. "ಬಲಕ್ಕ ಕುಂತರೇನು?"

ಒಬ್ಬ ಅಭ್ಯರ್ಥಿ ಒಳಗೆ ಮಾಡಿದ್ದನ್ನು ಕೇಂದ್ರದ ಹೊರಗೆ ಇನ್ನೊಬ್ಬರಿಗೆ ಹೇಳಬಾರದು. ನಮ್ಮ ನಿಯಮಗಳಲ್ಲಿ ಅದು ಮೊದಲನೆಯದು. ಇಷ್ಟು ವರ್ಷಗಳಲ್ಲಿ ಗಂಡನಿಗೂ ಒಂದು ಮಾತು ಹೇಳಿದವಳಲ್ಲ ನಾನು. ಮೃತ್ಯುಂಜಯ ಉಣ್ಣುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಒಳಗ ಹೋಗಿ ಒಂದು ಗಳಿಗಿ ಸುಮ್ಮನ ನಿಂತಿತು," ಅಂದೆ. "ಆಮ್ಯಾಲೆ ಸ್ಟೂಲ್ ಎತ್ತಿಕೊಂಡು ಬಲಕ್ಕ ಹೋತು. ಅಜ್ಜಿ ಗಲ್ಲದ ಮ್ಯಾಲಿನ ಸೆರಗು ತಗದ್ಲು."

ಮುಕ್ತಾ ರೊಟ್ಟಿ ಮುರಿದಳು.